ಗಬ್ಬರ್‌ಸಿಂಗ್ ಶಿರಹಟ್ಟಿಯವನಾಗಿದ್ದರೆ?



ನಮ್ಮ ಗದಗ-ಬೆಟಗೇರಿಯ ಹುಡುಗರಿಗೆ ಒಂದು ಆಟ ಬಲು ಇಷ್ಟ. ಚಹಾದಂಗಡಿ ಮುಂದೆ ನಾಲ್ಕು ಮಂದಿ ಕೂಡಿದರೆ ಸಾಕು, ‘ಆ ಪಾರ್ಟು ಅವನ ಬದಲು ಇವನು ಮಾಡಿದ್ದರೆ ಹ್ಯಾಂಗಿರತಿತ್ತು?’ ಎಂಬ ವಾದ ಶುರುವಾಗುತ್ತದೆ. ಅಂಬರೀಷ್ ಜಾಗಕ್ಕೆ ಟೈಗರ್ ಪ್ರಭಾಕರ್, ಶಂಕರನಾಗ್ ಜಾಗಕ್ಕೆ ವಿಷ್ಣುವರ್ಧನ್, ಹೀಗೆ. ಚಹಾ ಆರಿದರೂ ವಾದ ಆರುವುದಿಲ್ಲ. ಹಿರಿಯರು ಇದನ್ನು ಕೆಲಸವಿಲ್ಲದವರ ಹರಟೆ ಎಂದು ಬೈಯುತ್ತಾರೆ. ನಾವು ಬೈಯುವುದಿಲ್ಲ. ಈ ಹರಟೆಯೊಳಗೆ ಕನ್ನಡದ ಒಂದು ದೊಡ್ಡ ಪ್ರಶ್ನೆ ಅಡಗಿ ಕೂತಿದೆ.

ಪಾತ್ರದ ಮುಖ ಬದಲಾದರೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಪಾತ್ರದ ನಾಲಿಗೆ ಬದಲಾದರೆ ಏನಾಗುತ್ತದೆ? ಅದನ್ನು ಯಾರೂ ಕೇಳುವುದಿಲ್ಲ. ಹೊಡೆದಾಟದ ಸಿನೆಮಾ ಅಂದರೆ ಸಿಟ್ಟಿನ ಸಿನೆಮಾ. ಸಿಟ್ಟು ಬಂದಾಗ ಮನುಷ್ಯ ಪುಸ್ತಕದ ಭಾಷೆ ಮರೆಯುತ್ತಾನೆ, ಅವ್ವನಿಂದ ಕಲಿತ ಮಾತು ಬಾಯಿಗೆ ಬರುತ್ತದೆ. ಹಾಗಾದರೆ ನಮ್ಮ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಿಟ್ಟು ಕನ್ನಡ ಬೆಳ್ಳಿತೆರೆಯ ಮೇಲೆ ಎಲ್ಲಿದೆ, ಸ್ವಾಮಿ?

ಡ್ಯಾನಿ ಹೋದ, ಅಮ್ಜದ್ ಬಂದ

ಈ ಆಟಕ್ಕೆ ಇಡೀ ದೇಶದಲ್ಲೇ ಹೆಸರಾದ ಉದಾಹರಣೆ ‘ಶೋಲೆ’. 1975ರ ಆಗಸ್ಟ್ 15ರಂದು ತೆರೆಗೆ ಬಂದ ಆ ಸಿನೆಮಾಕ್ಕೆ 2025ರಲ್ಲಿ 50 ವರ್ಷ ತುಂಬಿತು. ಅದರ ಗಬ್ಬರ್‌ಸಿಂಗ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆನ್‌ಜೋಂಗ್ಪ. ಅವರು ಫಿರೋಜ್ ಖಾನರ ‘ಧರ್ಮಾತ್ಮ’ಕ್ಕೆ ಮಾತು ಕೊಟ್ಟುಬಿಟ್ಟಿದ್ದರು. ಅದರ ಚಿತ್ರೀಕರಣಕ್ಕೆ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿತ್ತು. ಪಾತ್ರ ಕೈತಪ್ಪಿತು. ಆಗ ಕರೆತಂದದ್ದು ಅಮ್ಜದ್ ಖಾನ್ ಎಂಬ ರಂಗಭೂಮಿಯ ಹುಡುಗನನ್ನು. ಸಿನೆಮಾ ಮಂದಿಗೆ ಆಗ ಅವರ ಹೆಸರೇ ಅಷ್ಟಾಗಿ ಗೊತ್ತಿರಲಿಲ್ಲ. ಚಿತ್ರೀಕರಣ ನಡೆದಾಗ ಇವರ ಧ್ವನಿ ಸಾಲದು, ಬೇರೆಯವರ ಧ್ವನಿ ಕೊಡಿಸಬೇಕು ಎಂಬ ಅನುಮಾನವೂ ಎದ್ದಿತ್ತು.

ಕೊನೆಗೆ ದೇಶ ನೆನಪಿಟ್ಟದ್ದು ಆ ಧ್ವನಿಯನ್ನೇ! ಗಬ್ಬರ್‌ನ ಮಾತಿನ ಕ್ಯಾಸೆಟ್ಟುಗಳು ಹಾಡಿನ ಕ್ಯಾಸೆಟ್ಟುಗಳ ಹಾಗೆ ಓಣಿ ಓಣಿಯಲ್ಲಿ ಕೇಳಿದವು. ಇದಕ್ಕೆ ಕಾರಣ ಬರೀ ಕಣ್ಣು ಕೆಂಪಗೆ ಮಾಡಿದ್ದಲ್ಲ. ಅಮ್ಜದ್ ಬಾಯಲ್ಲಿ ಬಂದ ಹಿಂದಿ ಆಕಾಶವಾಣಿಯ ವಾರ್ತೆಯ ಹಿಂದಿಯಾಗಿರಲಿಲ್ಲ. ಅದು ಉತ್ತರದ ಹಳ್ಳಿಗರ ಒರಟು ಬೋಲಿ. ಅವರು ಪಾತ್ರಕ್ಕಾಗಿ ತರುಣ್ ಕುಮಾರ್ ಭಾದುರಿಯವರು ಚಂಬಲ್ ಡಕಾಯಿತರ ಬಗ್ಗೆ ಬರೆದ ‘ಅಭಿಶಪ್ತ ಚಂಬಲ್’ ಓದಿದರು. ಚಿಕ್ಕಂದಿನಲ್ಲಿ ಕೇಳಿದ ಒಬ್ಬ ಅಗಸನ ಮಾತಿನ ಧಾಟಿಯನ್ನು ನೆನಪಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಮುಂಬಯಿಯಲ್ಲಿ ಬೆಳೆದ, ನಟ ಜಯಂತ್ ಅವರ ಮಗ ಈತ. ಚಂಬಲ್ ಕಣಿವೆಯಲ್ಲಿ ಹುಟ್ಟಿದವನೇನೂ ಅಲ್ಲ. ಆದರೆ ಕಲಿತ. ಹಳ್ಳಿಯ ಮಾತನ್ನು ಕೀಳು ಎಂದುಕೊಳ್ಳದೆ ಕಲಿತ. ಹಿಂದಿ ಸಿನೆಮಾದ ಅತಿ ದೊಡ್ಡ ಖಳನಾಯಕ ಹುಟ್ಟಿದ್ದು ಹೀಗೆ.

ಈಗ ಬನ್ನಿ ನಮ್ಮ ಮನೆಯ ಕಡೆ. ‘ಶೋಲೆ’ಯ ರಾಮಗಢ ಎಲ್ಲಿತ್ತು? ನಮ್ಮ ರಾಮನಗರದ ಬಂಡೆಗಳ ನಡುವೆ! 1973ರ ಅಕ್ಟೋಬರಿನಿಂದ ಅಲ್ಲಿ ಚಿತ್ರೀಕರಣ ನಡೆಯಿತು. ಊರಿಗೆ ಊರನ್ನೇ ಕಟ್ಟಿ ನಿಲ್ಲಿಸಿದರು. ಬಂಡೆ ನಮ್ಮದು, ಬಿಸಿಲು ನಮ್ಮದು, ಧೂಳು ನಮ್ಮದು. ಗಬ್ಬರ್ ತುಳಿದ ಕಲ್ಲು ಕನ್ನಡದ ಕಲ್ಲು. ಹಿಂದಿ ಸಿನೆಮಾ ಹಿಂದಿಯಲ್ಲೇ ಇರುತ್ತದೆ, ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ನಮ್ಮವರ ಮೇಲೆ. ಅವರು ನಮ್ಮ ಕಲ್ಲಿನ ಮೇಲೆ ನಿಂತು ತಮ್ಮ ಹಳ್ಳಿಯ ಮಾತಿಗೆ ಕಿರೀಟ ಇಟ್ಟುಕೊಂಡು ಹೋದರು. ಅದನ್ನು ನೋಡಿ ಚಪ್ಪಾಳೆ ಹೊಡೆದ ನಮ್ಮ ಸಿನೆಮಾ ಮಂದಿ ನಮ್ಮ ಹಳ್ಳಿಯ ಮಾತಿಗೆ ಏನು ಇಟ್ಟರು? ಜೋಕರ್ ಟೋಪಿ!

ಬೆಲ್ಟು ನಮ್ಮವನ ಕೈಗೆ ಕೊಡೋಣ

ಸರಿ, ಆಟ ಆಡಿಯೇ ಬಿಡೋಣ. ಡ್ಯಾನಿ ಬೇಡ, ಅಮ್ಜದ್ ಬೇಡ. ಕನ್ನಡದಲ್ಲೊಂದು ‘ಶೋಲೆ’ ಆಗುತ್ತದೆ ಅಂದುಕೊಳ್ಳಿ. ಗಬ್ಬರ್‌ನ ಬೆಲ್ಟನ್ನು ಶಿರಹಟ್ಟಿಯ ಒಬ್ಬ ಕಂಪನಿ ನಟನ ಕೈಗೆ ಕೊಡೋಣ. ಸೋತು ಬಂದ ಬಂಟರನ್ನು ಸಾಲಾಗಿ ನಿಲ್ಲಿಸಿಕೊಂಡು ಅವನು ಏನು ಕೇಳುತ್ತಾನೆ?

‘ಎಷ್ಟ್ ಮಂದಿ ಇದ್ರಲೇ?’

ಆ ‘ಲೇ’ ಇದೆಯಲ್ಲ, ಅದಕ್ಕೊಂದು ತೂಕ ಇದೆ. ಗೆಳೆಯನಿಗೆ ಅಂದರೆ ಪ್ರೀತಿ, ಶತ್ರುವಿಗೆ ಅಂದರೆ ಚಾಟಿ. ಒಂದೇ ಅಕ್ಷರ ಎರಡೂ ಕೆಲಸ ಮಾಡುತ್ತದೆ. ಮುಂದೆ ಅವನು ಕೂಗಾಡಬೇಕಾಗಿಯೇ ಇಲ್ಲ. ‘ಬಾರಲೇ ತಮ್ಮಾ, ಹತ್ರ ಬಾ. ಅಂಜಬ್ಯಾಡ. ನಾ ಏನೂ ಮಾಡಾಂಗಿಲ್ಲ, ಮಾಡೋದೆಲ್ಲಾ ಮುಗದೈತಿ’ ಎಂದು ಮೆಲ್ಲಗೆ ಅಂದರೆ ಸಾಕು, ಎದುರಿನವನ ಬೆನ್ನಲ್ಲಿ ನೀರು ಇಳಿಯುತ್ತದೆ. ಇನ್ನೊಂದು ನೋಡಿ. ನಮ್ಮ ಮಾತಿನಲ್ಲಿ ಮರ್ಯಾದೆ ಕೊಟ್ಟೇ ಹೆದರಿಸಬಹುದು. ‘ಕುಂದರ್ರಿ ಗೌಡ್ರ, ಚಾ ಕುಡೀರಿ. ಸಾಯೂದು ಆಮ್ಯಾಲ ಇದ್ದೇ ಐತಿ.’ ಆ ‘ರೀ’ಯೊಳಗೆ ಎಂಥ ಕತ್ತಿ ಇದೆ ಎಂಬುದು ಈ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಬೆಂಗಳೂರಿನ ಡೈಲಾಗ್ ಬರೆಯುವವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಬರೆಯುವುದಿಲ್ಲ.

ಶಿರಹಟ್ಟಿಯನ್ನೇ ಯಾಕೆ ಹೆಸರಿಸಿದೆವು ಎಂದು ಕೇಳಬಹುದು. ಸುಮ್ಮನೆ ಹೆಸರಿಸಿದ್ದಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನದ ಕೈಯಲ್ಲಿದ್ದ ಊರು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಕೈಯಲ್ಲಿತ್ತು. ಮರಾಠಿ ಸಂಸ್ಥಾನಿಕರ ಆಳ್ವಿಕೆ ಇದ್ದ ಕಾಲದಲ್ಲೇ ಶಿರಹಟ್ಟಿ ವೆಂಕೋಬರಾಯರು ಮಹಾಲಕ್ಷ್ಮೀ ಪ್ರಸಾದಿತ ನಾಟಕ ಮಂಡಳಿ ಕಟ್ಟಿ ಕನ್ನಡ ನಾಟಕ ಆಡಿಸಿದರು. ಅದಕ್ಕೂ ಮುಂಚೆ, 1870ರ ದಶಕದಲ್ಲಿ, ಮರಾಠಿ ನಾಟಕ ಮಂಡಳಿಗಳು ನಮ್ಮ ಊರೂರಿಗೆ ಬಂದು ನಮ್ಮ ದುಡ್ಡು, ನಮ್ಮ ಚಪ್ಪಾಳೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಗುತ್ತಿದ್ದವು. ಅದನ್ನು ಕಂಡು ಹೊಟ್ಟೆ ಉರಿದು ಗದುಗಿನಲ್ಲಿ ಕನ್ನಡ ನಾಟಕ ಬರೆದು ಮಂಡಳಿ ಕಟ್ಟಿದವರು ಶಾಂತಕವಿಗಳು. ಸಕ್ಕರಿ ಬಾಳಾಚಾರ್ಯರು ಎಂಬುದು ಅವರ ಹೆಸರು. ‘ಉಷಾಹರಣ’ ಅವರದು. ಆಮೇಲೆ ಗರುಡ ಸದಾಶಿವರಾಯರು ಬಂದರು, ಗದುಗಿನಲ್ಲಿ ದತ್ತಾತ್ರೇಯ ನಾಟಕ ಮಂಡಳಿ ನಡೆಸಿದರು. ಇಲ್ಲಿಯ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿ ಅಂಧ ಮಕ್ಕಳಿಗೆ ಅನ್ನ ಹಾಕಿದರು.

ಇದು ನಮ್ಮ ಆಸ್ತಿ. ಮೈಕು ಇಲ್ಲದ ಕಾಲದಲ್ಲಿ ನಾಟಕದ ಥೇಟರಿನ ಕೊನೆಯ ಸಾಲಿನ ಚಾಪೆಯ ಮೇಲೆ ಕೂತವನಿಗೂ ಮುಟ್ಟುವ ಹಾಗೆ ಮಾತು ಎಸೆದ ಗಂಟಲುಗಳು ನಮ್ಮವು. ‘ಧ್ವನಿ ಸಾಲದು’ ಎಂಬ ಅನುಮಾನ ಅಮ್ಜದ್ ಖಾನರ ಬಗ್ಗೆ ಎದ್ದಿತ್ತು. ಕಂಪನಿ ನಟನ ಬಗ್ಗೆ ಆ ಅನುಮಾನ ಯಾರಿಗೂ ಬರಲಾರದು.

ನಗುವುದನ್ನು ಕಲಿಸಿದವರು ಯಾರು?

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬರುತ್ತದೆ. ‘ಎಲ್ಲ ಸರಿ, ಆದರೆ ವಿಲನ್ ನಿಮ್ಮ ಭಾಷೆ ಮಾತಾಡಿದರೆ ಜನ ನಗುತ್ತಾರೆ.’ ಹೌದು, ನಗುತ್ತಾರೆ. ಯಾಕೆ ನಗುತ್ತಾರೆ? ನಗುವುದನ್ನು ಅವರಿಗೆ ಸಿನೆಮಾದವರೇ ಕಲಿಸಿದ್ದಾರೆ. ಎಷ್ಟೋ ಸಿನೆಮಾಗಳಲ್ಲಿ ನಮ್ಮ ಮಾತು ಬಂದದ್ದು ಅಡಿಗೆಯವನ ಬಾಯಲ್ಲಿ, ವಾಚಮನ್ ಬಾಯಲ್ಲಿ, ಕುಡುಕನ ಬಾಯಲ್ಲಿ, ನಾಯಕನ ಹಿಂದೆ ಮುಗ್ಗರಿಸುವ ಗೆಳೆಯನ ಬಾಯಲ್ಲಿ. ‘ಏನ್ರೀಪಾ’ ಅಂದ ಕೂಡಲೇ ಹಲ್ಲು ಬಿಡಬೇಕು ಎಂದು ಪ್ರೇಕ್ಷಕನಿಗೆ ಅಭ್ಯಾಸ ಮಾಡಿಸಿದ್ದಾರೆ. ಅಭ್ಯಾಸ ಮಾಡಿಸಿದವರೇ ಈಗ ಆ ಅಭ್ಯಾಸವನ್ನು ನೆಪ ಮಾಡುತ್ತಾರೆ!

ಒಂದು ಹೆಸರು ಹೇಳುತ್ತೇವೆ, ಕೇಳಿ. ವಿಜಯಪುರ ಜಿಲ್ಲೆಯ ರಾಜು ತಾಳಿಕೋಟಿ. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಕಂಪನಿ ನಾಟಕದ ರಂಗದಲ್ಲಿ ಬೆಳೆದವರು, ‘ಕಲಿಯುಗದ ಕುಡುಕ’ ನಾಟಕದಿಂದ ಉತ್ತರ ಕರ್ನಾಟಕದ ಮನೆಮಾತಾದವರು. 2009ರ ‘ಮನಸಾರೆ’ ನೋಡಿದ ದಕ್ಷಿಣದವರೂ ಅವರನ್ನು ಮೆಚ್ಚಿದರು. ಆದರೆ ಸಿನೆಮಾ ಅವರಿಗೆ ಹೆಚ್ಚಾಗಿ ಕೊಟ್ಟದ್ದು ನಗಿಸುವ ಕೆಲಸ. ನಗಿಸುವುದು ಸಣ್ಣ ಕೆಲಸ ಅಂತ ನಾವು ಹೇಳುತ್ತಿಲ್ಲ, ಅದು ಕಷ್ಟದ ವಿದ್ಯೆ. ಆದರೆ ಆ ಕಣ್ಣು, ಆ ಗಂಟಲು, ಎಲ್ಲಿ ನಿಲ್ಲಿಸಬೇಕು ಎಲ್ಲಿ ಎಳೆಯಬೇಕು ಎಂಬ ಆ ಕಾಲಜ್ಞಾನ ಇದ್ದ ನಟನ ಕೈಗೆ ಒಂದು ಸಲ, ಒಂದೇ ಸಲ, ಗಬ್ಬರ್‌ನಂಥ ಪಾತ್ರ ಕೊಟ್ಟಿದ್ದರೆ? ಮೊದಲ ಐದು ನಿಮಿಷ ಜನ ನಗುತ್ತಿದ್ದರು. ಆರನೆಯ ನಿಮಿಷಕ್ಕೆ ನಗು ಗಂಟಲಲ್ಲೇ ನಿಲ್ಲುತ್ತಿತ್ತು. ಹಾಗೆ ನಗಿಸಿ ಹೆದರಿಸುವುದೇ ಗಬ್ಬರ್‌ನ ಗುಟ್ಟು. ‘ಶೋಲೆ’ಯಲ್ಲೂ ಅವನು ಮೊದಲು ಬಂಟರ ಜೊತೆ ನಗುತ್ತಾನೆ, ಆಮೇಲೆ ಕೊಲ್ಲುತ್ತಾನೆ. ಆ ಅವಕಾಶ ರಾಜು ತಾಳಿಕೋಟಿಯವರಿಗೆ ಇನ್ನು ಬರುವಂತಿಲ್ಲ. ಕಳೆದುಕೊಂಡದ್ದು ಅವರೊಬ್ಬರೇ ಅಲ್ಲ, ಕನ್ನಡ ಸಿನೆಮಾ.

ಇನ್ನೂ ಒಂದು ಕತೆ. ‘ಸಂಪತ್ತಿಗೆ ಸವಾಲ್’ ಯಾರಿಗೆ ಗೊತ್ತಿಲ್ಲ? ಅದು ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ. ನಮ್ಮ ಕಡೆಯ ಜಾತ್ರೆಗಳಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಮೆರೆದ ನಾಟಕ. 1974ರಲ್ಲಿ ಅದು ಸಿನೆಮಾ ಆಯಿತು. ರಾಜಣ್ಣ ನಾಯಕ, ವಜ್ರಮುನಿ ಸಾಹುಕಾರ. ಇಬ್ಬರ ಅಭಿನಯಕ್ಕೂ ನಾವು ಕೈಮುಗಿಯುತ್ತೇವೆ. ನಾಟಕದ ಮೇಷ್ಟರಾದ ಗುಬ್ಬಿ ಕಂಪನಿಯಿಂದ ಬಂದ ರಾಜಣ್ಣನಿಗೂ, ರಾವಣನ ಪಾತ್ರದಿಂದ ರಂಗದ ಮೇಲೆ ಹೆಸರು ಮಾಡಿದ ವಜ್ರಮುನಿಯವರಿಗೂ ಕಂಪನಿ ನಾಟಕದ ಬೆಲೆ ಗೊತ್ತಿತ್ತು. ಆದರೆ ಕತೆ ಬೆಳ್ಳಿತೆರೆಗೆ ಹೋಗುವಾಗ ಅದರ ಮಾತನ್ನು ದಾರಿಯಲ್ಲೇ ಇಳಿಸಿ ಹೋದರು. ಕತೆ ಬೇಕು, ಮಾತು ಬೇಡ! ಹೊಲ ಬೇಕು, ಹೊಲದವ ಬೇಡ ಅಂದ ಹಾಗೆ.

ಪುಲಿಗೆರೆಯ ಮಾತಿಗೆ ಪರೀಕ್ಷೆಯೇ?

ನಮ್ಮ ಮಾತು ‘ಶುದ್ಧ’ ಅಲ್ಲವಂತೆ. ಹಾಗೆ ಹೇಳುವವರು ಸ್ವಲ್ಪ ಇತಿಹಾಸ ತೆಗೆದು ನೋಡಲಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಊರುಗಳ ಹೆಸರು ಹಿಡಿದೇ ಹೇಳಿದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಒಕ್ಕುಂದ, ಮತ್ತೆ ಪುಲಿಗೆರೆ. ಪುಲಿಗೆರೆ ಯಾವುದು? ನಮ್ಮ ಲಕ್ಷ್ಮೇಶ್ವರ! ಹತ್ತನೆಯ ಶತಮಾನದ ಪಂಪ ಮಹಾಕವಿ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಅರ್ಜುನನನ್ನು, ಕರ್ಣನನ್ನು ಯುದ್ಧಕ್ಕೆ ಇಳಿಸಿದ ಕವಿಗೆ ಈ ನೆಲದ ಕನ್ನಡ ಸಾಕಾಯಿತು. ಸಾವಿರ ವರ್ಷದ ಮೇಲೆ ಸಿನೆಮಾದ ಫೈಟಿಂಗ್ ಸೀನಿಗೆ ಅದು ಸಾಲದಾಯಿತೇ?

ಇನ್ನು ಗದುಗಿನ ಮಾತು. ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಕುಮಾರವ್ಯಾಸ ಹತ್ತು ಪರ್ವದ ಭಾರತ ಬರೆದ. ಗದಾಪರ್ವಕ್ಕೆ ನಿಲ್ಲಿಸಿದ. ಭೀಮನ ಸಿಟ್ಟು, ದ್ರೌಪದಿಯ ಸಿಟ್ಟು ಕನ್ನಡದಲ್ಲಿ ಹೇಗಿರುತ್ತದೆ ಎಂದು ನಾಡಿಗೇ ತೋರಿಸಿದ ಊರು ಇದು. ಈ ಊರಿನವರಿಗೆ ಸಿಟ್ಟು ಮಾಡಲು ಬರುವುದಿಲ್ಲ, ನಗಿಸಲು ಮಾತ್ರ ಬರುತ್ತದೆ ಎಂದು ತೀರ್ಮಾನಿಸಿದವರು ಯಾರು?

ನಿಜ ಹೇಳಬೇಕು. ನಮ್ಮ ಮಾತು ಬೆಳ್ಳಿತೆರೆಗೆ ಬಂದೇ ಇಲ್ಲ ಅಂತಲ್ಲ. ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ‘ನಾಗಮಂಡಲ’ ಸಿನೆಮಾ ಮಾಡಿದಾಗ ಪ್ರಕಾಶ್ ರೈ ನಮ್ಮ ಕಡೆಯ ಕನ್ನಡ ಮಾತಾಡಿದರು. ಆ ಸಂಭಾಷಣೆ ಬರೆದವರು ಗೋಪಾಲ ವಾಜಪೇಯಿ, ಲಕ್ಷ್ಮೇಶ್ವರದ ಮಗ, ಪುಲಿಗೆರೆಯ ಕನ್ನಡದ ನಿಜವಾದ ವಾರಸುದಾರ. 2016ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು, 1990ರಲ್ಲಿ, ‘ಸಂತ ಶಿಶುನಾಳ ಶರೀಫ’ ಬಂತು. ಹೀಗೆ ಭಕ್ತಿಗೆ ನಮ್ಮ ಮಾತು ಬಂತು. ಪ್ರೀತಿಗೆ ಬಂತು. ನಗೆಗೆ ಬೇಕಾದಷ್ಟು ಬಂತು. ಸಿಟ್ಟಿಗೆ? ಕೈಯಲ್ಲಿ ಕತ್ತಿ, ಕೋವಿ ಹಿಡಿದ ನಾಯಕನ ಬಾಯಿಗೆ? ಹುಡುಕಿದರೆ ಒಂದೆರಡು ಸಿಗಬಹುದು. ಹುಡುಕಬೇಕಾಗಿದೆ ಎಂಬುದೇ ನಮ್ಮ ಸಂಕಟ.

ಸಿಟ್ಟಿನ ಮಾತು ನಮ್ಮ ಸಿನೆಮಾದಲ್ಲಿ ಎಷ್ಟು ಪರದೇಶಿಯಾಗಿದೆ ಎಂಬುದಕ್ಕೆ ‘ಅಂತ’ವನ್ನೇ ನೋಡಿ. ಎಚ್.ಕೆ. ಅನಂತರಾಯರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, 1981. ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಕೂಡ ಅಂಬರೀಷ್, ಗೂಂಡಾ ಕನ್ವರ್‌ಲಾಲ್ ಕೂಡ ಅಂಬರೀಷ್. ಅದೇ ವರ್ಷ ಅದೇ ನಿರ್ದೇಶಕರು ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಮಾಡಿದರು, ಅಲ್ಲಿ ಜಿತೇಂದ್ರ. ಅಂಬರೀಷ್ ಬದಲು ಬೇರೆಯವರು ಮಾಡಿದ್ದರೆ ಎಂಬ ಹುಡುಗರ ವಾದಕ್ಕೆ ಆ ವರ್ಷವೇ ಉತ್ತರ ಸಿಕ್ಕಿಬಿಟ್ಟಿತು. ಕನ್ನಡಿಗನಿಗೆ ಕನ್ವರ್‌ಲಾಲ್ ಅಂದರೆ ಅಂಬರೀಷ್, ಬೇರೆ ಮಾತಿಲ್ಲ. ಆದರೆ ಆ ಪಾತ್ರದ ಯಾವ ಮಾತನ್ನು ಇವತ್ತಿಗೂ ನಮ್ಮ ಹುಡುಗರು ಸಿಗರೇಟು ಹಿಡಿದ ಶೈಲಿಯಲ್ಲಿ ಹೇಳುತ್ತಾರೆ? ತನ್ನ ಹೆಸರನ್ನು ಪೂರ್ತಿ ಹೇಳು ಎಂದು ಗದರಿಸುವ ಆ ಹಿಂದಿ ಮಾತು! ಕನ್ನಡದ ಹೆಸರಾಂತ ಸಿಟ್ಟಿನ ಸಾಲು ಹಿಂದಿಯಲ್ಲಿದೆ. ಪಾತ್ರಕ್ಕೆ ಅದು ಒಪ್ಪುತ್ತದೆ, ಅಂಬರೀಷ್ ಹೇಳಿದ ಠೀವಿಗೆ ಸಾಟಿಯಿಲ್ಲ. ಆದರೂ ಒಮ್ಮೆ ಯೋಚನೆ ಮಾಡಿ: ಅದಕ್ಕೆ ಸಮನಾಗಿ ನಿಲ್ಲುವ ಒಂದು ಸಾಲು ಗದಗ, ಮುಂಡರಗಿಯ ಕನ್ನಡದಲ್ಲಿ ನಿಮ್ಮ ನೆನಪಿಗೆ ಬರುತ್ತದೆಯೇ?

ಕುಂದಾಪುರಕ್ಕೆ ಸಿಕ್ಕದ್ದು ನಮಗೆ ಯಾಕಿಲ್ಲ?

ಇದೆಲ್ಲ ಆಗದ ಮಾತು, ಬೇರೆ ಜಿಲ್ಲೆಯವರಿಗೆ ತಿಳಿಯುವುದಿಲ್ಲ, ಸಿನೆಮಾ ಓಡುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಂತು. ಈ ಸಿನೆಮಾದಲ್ಲೂ ‘ಬೇರೆ ನಟ ಮಾಡಿದ್ದರೆ’ ಎಂಬ ಕತೆ ಇದೆ. ಶಿವನ ಪಾತ್ರಕ್ಕೆ ಮೊದಲು ಮನಸ್ಸಿನಲ್ಲಿದ್ದವರು ಪುನೀತ್ ರಾಜ್‌ಕುಮಾರ್ ಎಂದು ರಿಷಬ್ ಶೆಟ್ಟಿಯವರೇ ಹೇಳಿಕೊಂಡಿದ್ದಾರೆ. ಕತೆ ಕೇಳಿದ ಅಪ್ಪು ಮೆಚ್ಚಿದರು. ಬಿಡುವಿರಲಿಲ್ಲ. ತಮಗಾಗಿ ಕಾಯದೆ ಸಿನೆಮಾ ಮಾಡಿ ಎಂದು ಹೇಳಿದರು. 2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನು ಬಿಟ್ಟು ಹೋದರು. ಆ ಪಾತ್ರವನ್ನು ರಿಷಬ್ ತಾವೇ ಮಾಡಿದರು.

ಅಪ್ಪು ಮಾಡಿದ್ದರೆ ಹೇಗಿರುತ್ತಿತ್ತು? ಕುಣಿತಕ್ಕೆ, ಹೊಡೆದಾಟಕ್ಕೆ ಅವರನ್ನು ಮೀರಿಸುವವರಿಲ್ಲ. ಅವರ ಆ ನಗುವಿಗೆ ನಾಡೇ ಸೋತಿತ್ತು. ಆ ಸಿನೆಮಾವೂ ಗೆಲ್ಲುತ್ತಿತ್ತು, ಅನುಮಾನ ಬೇಡ. ಆದರೆ ಕುಂದಾಪುರದ ಬಳಿಯ ಕೆರಾಡಿಯಲ್ಲಿ ಹುಟ್ಟಿದ ರಿಷಬ್‌ಗೆ ಆ ಮಣ್ಣಿನ ಮಾತು ಅವ್ವನ ಹಾಲಿನ ಜೊತೆ ಬಂದದ್ದು. ಕಂಬಳದ ಗದ್ದೆಯಲ್ಲಿ ಶಿವ ಸಿಟ್ಟಿಗೇಳುವಾಗ ಬರುವುದು ಕರಾವಳಿಯ ಸಿಟ್ಟು. ದೊಡ್ಡ ನಟನೊಬ್ಬ ಬಿಟ್ಟುಕೊಟ್ಟ ಜಾಗದಲ್ಲಿ ಒಂದು ಊರಿನ ನಾಲಿಗೆಯೇ ಬಂದು ಕೂತಿತು! ನಮಗೆ ಅರ್ಥವಾಯಿತೋ ಇಲ್ಲವೋ? ಗದುಗಿನ ಥೇಟರಿನಲ್ಲಿ ಕೂತು ನಾವು ಕುಂದಾಪುರದ ಕನ್ನಡ ಕೇಳಿದೆವು. ಒಂದೊಂದು ಶಬ್ದ ತಿಳಿಯಲಿಲ್ಲ, ಸಿಟ್ಟು ಪೂರ್ತಿ ತಿಳಿಯಿತು. ಆಮೇಲೆ ಹಿಂದಿಯವರು, ತೆಲುಗರು, ತಮಿಳರು, ಮಲೆಯಾಳಿಗಳು ತಮ್ಮ ತಮ್ಮ ಭಾಷೆಗೆ ಮಾಡಿಸಿಕೊಂಡು ನೋಡಿದರು. 2024ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಯಲ್ಲಿ ರಿಷಬ್ ಶ್ರೇಷ್ಠ ನಟರಾದರು. ಕುಂದಾಪುರದ ಮಂದಿಗೆ ನಮ್ಮ ಅಭಿನಂದನೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರು ನಮಗೆ ದಾರಿ ತೋರಿಸಿದ್ದಾರೆ.

ಇದನ್ನು ಓದಿ ಕೆಲವರು ‘ಉತ್ತರ-ದಕ್ಷಿಣ ಎಂದು ಜಗಳ ಹಚ್ಚುತ್ತಿದ್ದಾರೆ’ ಎಂದು ಕೂಗಬಹುದು. ಅವರಿಗೆ ನೇರ ಉತ್ತರ ಕೊಡುತ್ತೇವೆ. ಏಕೀಕರಣದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರ ಊರಿನವರು ನಾವು. ಅವರೂ ನಾಟಕ ಬರೆದವರೇ. ನಾಡು ಒಡೆಯುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಆದರೆ ಮನೆ ಒಂದಾದ ಮೇಲೆ ಎಲ್ಲ ಮಕ್ಕಳಿಗೂ ಪಡಸಾಲೆಯಲ್ಲಿ ಕೂರುವ ಹಕ್ಕಿರಬೇಕು. ಒಬ್ಬ ಮಗ ಪಡಸಾಲೆಯಲ್ಲಿ, ಇನ್ನೊಬ್ಬ ಮಗ ಹಿತ್ತಲಲ್ಲಿ ಆದರೆ ಅದು ಒಂದು ಮನೆಯಾಗುವುದಿಲ್ಲ. ಮೈಸೂರು, ಬೆಂಗಳೂರಿನ ನಟರು ನಮ್ಮ ಪಾತ್ರ ಮಾಡಬಾರದು ಎಂದೂ ನಾವು ಹೇಳುವುದಿಲ್ಲ. ಅಮ್ಜದ್ ಖಾನ್ ಕಲಿತಂತೆ ಕಲಿತು ಮಾಡಲಿ. ಪ್ರಕಾಶ್ ರೈ ಮಾಡಿದಂತೆ ಮಾಡಲಿ. ಕುದುರೆ ಸವಾರಿಗೆ ಮೂರು ತಿಂಗಳು ತರಬೇತಿ ತೆಗೆದುಕೊಳ್ಳುತ್ತಾರೆ, ಮೈಕಟ್ಟಿಗೆ ಆರು ತಿಂಗಳು ಜಿಮ್ಮಿಗೆ ಹೋಗುತ್ತಾರೆ. ನಾಲಿಗೆಗೆ ಮಾತ್ರ ಒಂದು ದಿನವೂ ಇಲ್ಲವೇ?

ಮುಂಡರಗಿಯ ಭೀಮರಾಯನನ್ನು ಯಾರು ಮಾಡುತ್ತಾರೆ?

ಇಷ್ಟು ಹೊತ್ತು ಬೇರೆಯವರ ಸಿನೆಮಾದ ಮಾತಾಯಿತು. ಈಗ ನಮ್ಮದೇ ಕತೆ. ಮುಂಡರಗಿ ಭೀಮರಾಯರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು. ಹಮ್ಮಿಗಿಯ ಕೆಂಚನಗೌಡರು ಜೊತೆಯಾದರು. ಡಂಬಳದ ಸರ್ಕಾರಿ ಖಜಾನೆಗೆ ಲಗ್ಗೆ ಹಾಕಿದರು. ಕೊಪ್ಪಳದ ಕೋಟೆ ಹಿಡಿದರು. ಅಲ್ಲೇ ಕಾದಾಡಿ ಪ್ರಾಣ ಕೊಟ್ಟರು. ಅದೇ ಹೊತ್ತಿಗೆ ನರಗುಂದದ ಬಾಬಾಸಾಹೇಬರು ಸಿಡಿದೆದ್ದರು. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಉರುಳಿತು. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಕುದುರೆ, ಕೋಟೆ, ಖಜಾನೆ, ಕಪ್ಪತಗುಡ್ಡದ ಸಾಲು, ತುಂಗಭದ್ರೆಯ ದಂಡೆ, ಎಲ್ಲವೂ ಇಲ್ಲೇ ಇದೆ. ಇದಕ್ಕಿಂತ ದೊಡ್ಡ ಹೊಡೆದಾಟದ ಕತೆ ಯಾವ ಇಂಗ್ಲಿಷ್ ಸಿನೆಮಾದಿಂದ ಕದ್ದು ತರಬೇಕು?

ನಾಳೆ ಯಾರೋ ಪುಣ್ಯಾತ್ಮರು ಭೀಮರಾಯರ ಸಿನೆಮಾ ಮಾಡುತ್ತಾರೆ ಎಂದುಕೊಳ್ಳಿ. ಚಹಾದಂಗಡಿಯಲ್ಲಿ ವಾದ ಶುರುವಾಗುತ್ತದೆ, ಯಾವ ಹೀರೋ ಮಾಡಬೇಕು ಎಂದು. ಆ ವಾದಕ್ಕೆ ಕೂತಾಗ ಒಂದು ಪ್ರಶ್ನೆ ಮೊದಲು ಇಡಿ. ಕೊಪ್ಪಳದ ಕೋಟೆಯ ಮೇಲೆ ನಿಂತು ಭೀಮರಾಯರು ಬ್ರಿಟಿಷರಿಗೆ ಕೊನೆಯ ಸವಾಲು ಹಾಕುವಾಗ ‘ಬನ್ರೋ’ ಅನ್ನುತ್ತಾರೋ ‘ಬರ್ರಲೇ’ ಅನ್ನುತ್ತಾರೋ? ಮುಂಡರಗಿಯ ಗಂಡಸು ಸಾಯುವ ಹೊತ್ತಿನಲ್ಲಿ ಯಾವ ಊರಿನ ಕನ್ನಡ ಮಾತಾಡಿಯಾನು? ಭೀಮರಾಯರು ರಾಜಾಜಿನಗರದ ಕನ್ನಡ ಮಾತಾಡಿ, ಅವರ ಮನೆಯ ಆಳು ಮಾತ್ರ ನಗಿಸಲಿಕ್ಕೆಂದು ಮುಂಡರಗಿಯ ಕನ್ನಡ ಮಾತಾಡಿದರೆ, ಆ ವೀರನನ್ನು ಎರಡನೆಯ ಸಲ ಕೊಂದಂತೆ ಆಗುತ್ತದೆ.

ಏನು ಮಾಡಬೇಕು? ನಿರ್ಮಾಪಕರಿಗೆ ನಮ್ಮ ಬೇಡಿಕೆ ಸರಳ. ಕತೆ ಈ ಕಡೆಯದಾದರೆ ನಾಯಕನ ಮಾತೂ ಈ ಕಡೆಯದಾಗಲಿ. ಅದನ್ನು ಬರೆಯಲು ಈ ಕಡೆಯವರನ್ನೇ ಕರೆಯಿರಿ, ಕೂಲಿ ಕೊಟ್ಟು, ಹೆಸರು ಹಾಕಿ ಕರೆಯಿರಿ. ನಾಯಕ, ಖಳನಾಯಕ ಎಂದು ಆಯ್ಕೆ ಮಾಡುವಾಗ ಕಂಪನಿ ನಟರನ್ನೂ ಕರೆದು ಪರೀಕ್ಷೆ ಮಾಡಿ.

ಆದರೆ ನಮ್ಮ ಮನೆಯ ಕಸವನ್ನೂ ನಾವೇ ಗುಡಿಸಬೇಕು. ರಾಜ್ಯೋತ್ಸವದ ವೇದಿಕೆಯ ಮೇಲೆ ಸಿನೆಮಾ ಡೈಲಾಗ್ ಹೊಡೆಯುವ ನಮ್ಮ ಹುಡುಗ ಯಾಕೆ ಬೇರೆ ಊರಿನ ರಾಗ ಎಳೆಯುತ್ತಾನೆ? ಬೆಂಗಳೂರಿಗೆ ನೌಕರಿಗೆ ಹೋದ ನಮ್ಮ ಹುಡುಗಿ ಫೋನಿನಲ್ಲಿ ಅವ್ವನ ಜೊತೆ ಮಾತಾಡುವಾಗ ಯಾಕೆ ದನಿ ತಗ್ಗಿಸುತ್ತಾಳೆ? ‘ಹಂಗ ಮಾತಾಡಬ್ಯಾಡ, ಚಂದಾಗಿ ಮಾತಾಡು’ ಎಂದು ಮಕ್ಕಳಿಗೆ ಬೈಯುವ ತಂದೆ-ತಾಯಿ ನಮ್ಮಲ್ಲಿಲ್ಲವೇ? ‘ಹಂಗ’ ಅಂದರೆ ಹೆಂಗ? ಪಂಪನ ಹಂಗ! ನಾಚಿಕೆ ನಮ್ಮ ಮನೆಯೊಳಗೇ ಇದ್ದರೆ ಗಾಂಧಿನಗರವನ್ನು ಬೈದು ಏನು ಫಲ?

ಗದುಗಿನ ತೋಂಟದಾರ್ಯ ಜಾತ್ರೆಗೆ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆಗೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೆ ಹೋಗುತ್ತೀರಿ. ನಾಟಕ ಕಂಪನಿ ಡೇರೆ ಹಾಕಿದ್ದರೆ ಟಿಕೀಟು ತೆಗೆಸಿ ಒಳಗೆ ಹೋಗಿ. ಪುಕ್ಕಟೆ ಪಾಸು ಕೇಳಬೇಡಿ, ಆ ದುಡ್ಡಿನ ಮೇಲೆ ಒಂದು ಸಂಸಾರವೇ ನಿಂತಿದೆ. ಹಾಸ್ಯಗಾರನ ಮಾತಿಗೆ ನಕ್ಕು ಎದ್ದು ಬರಬೇಡಿ, ಖಳನಾಯಕನ ಪಾರ್ಟಿನವನನ್ನು ಕಣ್ಣಿಟ್ಟು ನೋಡಿ. ಅವನ ದನಿ ಕೇಳಿ. ಇವನ ಕೈಗೆ ಗಬ್ಬರ್‌ನ ಬೆಲ್ಟು ಕೊಟ್ಟರೆ ಹ್ಯಾಂಗಿರತೈತಿ ಎಂದು ಪಕ್ಕದವರನ್ನು ಕೇಳಿ. ಮನಸ್ಸಿಗೆ ಹಿಡಿಸಿದರೆ ಅವನ ಹೆಸರು, ಕಂಪನಿಯ ಹೆಸರು ಬರೆದು ಬೆಂಗಳೂರಿನ ಒಬ್ಬ ನಿರ್ಮಾಪಕರಿಗೆ ಒಂದು ಕಾರ್ಡು ಹಾಕಿ. ಒಂದು ಕಾರ್ಡಿಗೆ ಅವರು ಏಳುವುದಿಲ್ಲ. ನಾಲ್ಕು ಊರಿನಿಂದ ನಾಲ್ಕು ಸಾವಿರ ಕಾರ್ಡು ಹೋಗಲಿ, ಆಮೇಲೆ ನೋಡೋಣ.